ಗ್ರೀಸು ಹೊಡೆಯುವ ಸೊಸೆ

ಗಾದಿಗನೂರಿನ ಹೊಳೆಮ್ಮನ ಮನೆಯಲ್ಲಿ ಎಮ್ಮೆಗಳನ್ನು ಮಾರಿ ಜೆಸಿಬಿ ತಂದಾಗ ಅದನ್ನು ನಿಲ್ಲಿಸಿದ್ದು ಎಮ್ಮೆ ಕಟ್ಟುತ್ತಿದ್ದ ಜಾಗದಲ್ಲೇ. ಮೇವು ಹಾಕುವ ಗೋದಲಿ ಒಡೆದು ನೆಲ ಸಮ ಮಾಡಿದರು, ತಗಡಿನ ಮಾಡನ್ನು ಎತ್ತರಿಸಿದರು. ದಿನಾ ಸೆಗಣಿ ಬಾಚುತ್ತಿದ್ದ ಸೊಸೆ ವಿರುಪಮ್ಮ, ಇನ್ನು ಬೆಳಿಗ್ಗೆ ಸ್ವಲ್ಪ ಹೊತ್ತು ಮಲಗಬಹುದು ಅಂದುಕೊಂಡಳು. ಹೊಳೆಮ್ಮ ಹಾಗೆ ಅಂದುಕೊಳ್ಳಲಿಲ್ಲ. ಕೊಟ್ಟಿಗೆ ಕೆಲಸ ಸೊಸೆಯದು. ಕೊಟ್ಟಿಗೆಯಲ್ಲಿ ಏನು ನಿಂತಿದೆ ಅನ್ನುವುದು ಬೇರೆ ಮಾತು.

"ಇದಕ್ಕೂ ಹೊಟ್ಟಿ ಐತವ್ವ," ಎಂದಳು. "ಎಮ್ಮಿಗೆ ಹಿಂಡಿ, ಇದಕ್ಕ ಗ್ರೀಸು."

ವಿರುಪಮ್ಮನಿಗೆ ಮಶೀನು ಓಡಿಸುವ ಗಂಡ ಗವಿಸಿದ್ದಪ್ಪ ಒಂದು ಸಲ ತೋರಿಸಿಕೊಟ್ಟ. ಗ್ರೀಸ್ ಗನ್ನೆಂದರೆ ಒಂದು ಮೊಳದ ಕಬ್ಬಿಣದ ಕೊಳವೆ, ತುದಿಗೆ ರಬ್ಬರ್ ಪೈಪು, ಪಕ್ಕಕ್ಕೊಂದು ಹಿಡಿಕೆ. ಮಶೀನಿನ ಒಂದೊಂದು ಕೀಲಿಗೂ ಮೊಲೆತೊಟ್ಟಿನಂಥ ಸಣ್ಣ ಕಬ್ಬಿಣದ ಬಾಯಿ. ಕೆಚ್ಚಲು ತೊಳೆದ ಹಾಗೆ ಅದನ್ನು ಒರೆಸಿ, ಎಡಗೈಯಲ್ಲಿ ಪೈಪನ್ನು ಅದಕ್ಕೆ ಒತ್ತಿ ಹಿಡಿದು, ಬಲಗೈಯಲ್ಲಿ ಹಿಡಿಕೆ ಜಗ್ಗಬೇಕು. ಸಂದಿಯಿಂದ ಹಳೆಯ ಕಪ್ಪು ಗ್ರೀಸು ಹೊರಗೆ ಬಂದರೆ ಕೀಲಿನ ಹೊಟ್ಟೆ ತುಂಬಿತೆಂದು ಅರ್ಥ. ಹೊಟ್ಟೆ ತುಂಬುವ ಹೊತ್ತಿಗೆ ಹಿಡಿಕೆ ಬಿಗಿಯಾಗುತ್ತಿತ್ತು. ನೋಡದೆಯೇ ಅವಳ ಅಂಗೈಗೆ ಅದು ತಿಳಿಯುತ್ತಿತ್ತು.

ಸಂಡೂರಿನ ಗಣಿಗಳಲ್ಲಿ ಇದೇ ಕೆಲಸಕ್ಕೆ ಸಂಬಳವಿದೆ, ಬೂಟಿದೆ, ಮಾಡುವವನಿಗೆ ಗ್ರೀಸರ್ ಎಂಬ ಹೆಸರಿದೆ. ಹೊಳೆಮ್ಮನ ಮನೆಯಲ್ಲಿ ಅದಕ್ಕೆ ಹೆಸರಿರಲಿಲ್ಲ. ಅಂಗಳ ಗುಡಿಸುವುದಕ್ಕೂ ರೊಟ್ಟಿ ಬಡಿಯುವುದಕ್ಕೂ ನಡುವೆ ಅದು ಆಗಿಹೋಗುತ್ತಿತ್ತು. ಆಮೇಲೆ ವಿರುಪಮ್ಮ ಸೀಮೆಎಣ್ಣೆಯಲ್ಲಿ, ಬೂದಿಯಲ್ಲಿ, ಸೋಪಿನಲ್ಲಿ ಕೈ ತಿಕ್ಕಿಕೊಂಡು ಹಿಟ್ಟಿಗೆ ಕೂರುತ್ತಿದ್ದಳು. ಕಂಪ್ಲಿಯ ತವರಿನಿಂದ ಅವಳು ತಂದದ್ದೆಂದರೆ ಆ ಎರಡು ಕೈ. ಅವಳ ಜೋಳದ ರೊಟ್ಟಿ ಎಷ್ಟು ತೆಳುವೆಂದರೆ, ಬೀಗರು ಬಂದಾಗ ಹೊಳೆಮ್ಮ ಅದನ್ನು ಬೆಳಕಿಗೆ ಹಿಡಿದು ತೋರಿಸುತ್ತಿದ್ದಳು.

ಗನ್ನಿನ ಪೈಪು ಸೀಳಿತು. ಹೊಸದು ತರಬೇಕೆಂದು ಅವಳು ಗಂಡನಿಗೆ ಹೇಳಿದಳು. ಅವನು ಕಪ್ಪು ಟೇಪು ಸುತ್ತಿಕೊಟ್ಟ. ಮತ್ತೆ ಹೇಳಿದಳು. ಅವನು ಟೇಪಿನ ಮೇಲೆ ಟೇಪು ಸುತ್ತಿದ.

ಮಹಾನವಮಿಯ ಬೆಳಿಗ್ಗೆ ಆಯುಧಪೂಜೆಗೆಂದು ಮಶೀನು ತೊಳೆದು ಗ್ರೀಸು ಹೊಡೆಯುತ್ತಿದ್ದಳು. ಬೂಮಿನ, ಅಂದರೆ ಮಶೀನಿನ ಉದ್ದ ತೋಳಿನ, ಬುಡದ ಕೀಲಿನ ಬಾಯಿಗೆ ಮಣ್ಣು ಕಟ್ಟಿತ್ತು. ಮೈಭಾರವೆಲ್ಲ ಹಾಕಿ ಹಿಡಿಕೆ ಜಗ್ಗಿದಳು. ಟೇಪಿನ ಮೇಲಿದ್ದ ಎಡಗೈ ತೋರುಬೆರಳಿಗೆ ಏನೋ ಚುರ್ ಎಂದಿತು. ನೋಡಿದರೆ ಸೂಜಿಮೊನೆಯಷ್ಟು ಚುಕ್ಕೆ. ರಕ್ತವೂ ಇಲ್ಲ.

ಹೊಳೆಮ್ಮ ಮುಳ್ಳು ಚುಚ್ಚಿರಬೇಕು ಎಂದಳು. ಹತ್ತಿರ ಕೂರಿಸಿಕೊಂಡು, ಬಿಸಿ ಎಣ್ಣೆಯಲ್ಲಿ ಅರಿಷಿಣ ಕಲಸಿ, ಬೆರಳ ತುದಿಯಿಂದ ಅಂಗೈಯವರೆಗೆ ಗಟ್ಟಿಯಾಗಿ ತಿಕ್ಕಿದಳು. ಮದುವೆಯಾಗಿ ಬಂದ ಮೇಲೆ ಅತ್ತೆ ತನ್ನ ಕೈ ಹಿಡಿದದ್ದು ಅದೇ ಮೊದಲು. ವಿರುಪಮ್ಮನ ಕಣ್ಣು ತುಂಬಿತು. ಪೈಪಿನ ಸೀಳಿನಿಂದ ಚಿಮ್ಮಿ ಬೆರಳೊಳಗೆ ಹೊಕ್ಕಿದ್ದ ಗ್ರೀಸು ಒಂದೊಂದು ತಿಕ್ಕಿಗೂ ಇನ್ನಷ್ಟು ಒಳಕ್ಕೆ ಸರಿಯಿತು. ಅದು ಗೊತ್ತಾದದ್ದು ಆಮೇಲೆ.

ಹೋಳಿಗೆ ಆಯಿತು. ಪೂಜೆ ಆಯಿತು. ಮಶೀನು, ಮೋಟರ್ ಸೈಕಲ್ಲು, ಕುಡುಗೋಲು, ಗ್ರೀಸ್ ಗನ್ನು, ಎಲ್ಲಕ್ಕೂ ಕುಂಕುಮ, ಚೆಂಡುಹೂವು. ಪೂಜೆಗೆ ಇಟ್ಟದ್ದನ್ನು ಮರುದಿನ ಬನ್ನಿ ಮುಡಿಯುವವರೆಗೆ ಕದಲಿಸಬಾರದು ಎಂಬುದು ಆ ಮನೆಯ ಪದ್ಧತಿ. ಮಧ್ಯಾಹ್ನಕ್ಕೆ ವಿರುಪಮ್ಮನ ಬೆರಳು ಬಿಳಿಚಿಕೊಂಡು ಬಾಳೆಕಾಯಿಯಷ್ಟಾಯಿತು. ಹೊಸಪೇಟೆಗೆ ಕರೆದುಕೊಂಡು ಹೋಗೆಂದು ಗಂಡನನ್ನು ಕೇಳಿದಳು.

ಗವಿಸಿದ್ದಪ್ಪ ಹೂವು ಮುಡಿದು ನಿಂತ ಮೋಟರ್ ಸೈಕಲ್ಲನ್ನು ನೋಡಿದ. "ಪೂಜಿಗೆ ಇಟ್ಟೀವಿ, ಹೆಂಗ ತಗೀಲಿ? ಹಬ್ಬ ಮುಗೀಲಿ."

ಬಸ್ಸಿಗೆ ಹೋಗುತ್ತೇನೆಂದಳು. ಹಾಗಾದರೆ ಊಟಕ್ಕೆ ಬರುವವರಿಗೆ ಬಡಿಸುವವರು ಯಾರು ಎಂದು ಹೊಳೆಮ್ಮ ಕೇಳಿದಳು.

ಉಂಡವರ ಎಲೆ ಎತ್ತುವ ಹೊತ್ತಿಗೆ ಫೋನು ಬಂತು. ಸಂಡೂರು ರಸ್ತೆಯಲ್ಲಿ ಅದಿರಿನ ಲಾರಿ ಮಗುಚಿದೆ, ಮಶೀನು ಬೇಕು. ಗವಿಸಿದ್ದಪ್ಪ ಇನ್ನೊಂದು ತೆಂಗಿನಕಾಯಿ ಒಡೆದು, ಕೈಮುಗಿದು, ಸ್ಟೇರಿಂಗಿನ ಹಾರ ತೆಗೆದಿಟ್ಟ. "ದುಡಿಯಾಕ ಹೊಂಟ್ರ ದೇವ್ರು ಬ್ಯಾಡ ಅನ್ನಂಗಿಲ್ಲ," ಎಂದು ತಾಯಿಗೆ ಹೇಳಿ ಹೊರಟುಹೋದ. ವಿರುಪಮ್ಮ ಎಂಜಲೆಲೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

ಮರುದಿನ ಬನ್ನಿ ಕೊಡಲು ಬಂದವರೆಲ್ಲ ಬಂಗಾರದಂಗ ಇರೋಣ ಎಂದರು. ಅವಳು ಊದಿದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಲಗೈಯೊಂದರಲ್ಲೇ ಎಲೆ ತೆಗೆದುಕೊಂಡಳು. ಆಮೇಲೆ ಆಸ್ಪತ್ರೆಗೆ ಹೋದರು. ಡಾಕ್ಟರು ಕೈ ಸೀಳಿ ಒಳಗಿನ ಗ್ರೀಸು ತೆಗೆದರು, ತೋರುಬೆರಳನ್ನೂ ನಡುಬೆರಳನ್ನೂ ಕತ್ತರಿಸಿದರು. ಚುಚ್ಚಿದ ಕೂಡಲೇ ಯಾಕೆ ಬರಲಿಲ್ಲ ಎಂದು ಕೇಳಿದ್ದಕ್ಕೆ ಗವಿಸಿದ್ದಪ್ಪ, "ಹಬ್ಬ ಇತ್ರಿ ಸಾರ್," ಎಂದ.

ಬೆರಳು ಹೋದದ್ದು ಆ ಮನೆಗೆ ಕಂಡದ್ದು ರೊಟ್ಟಿಯಲ್ಲಿ. ಒಂದು ಕಡೆ ದಪ್ಪ, ಒಂದು ಕಡೆ ತೂತು. "ಇದು ರೊಟ್ಟಿನೋ, ಸಂಡೂರು ಗುಡ್ಡದ ನಕಾಶಿನೋ," ಎಂದಳು ಹೊಳೆಮ್ಮ. ಯಾರೂ ನಗಲಿಲ್ಲ. ಎಲ್ಲರೂ ತಿಂದರು.

ಗಾಯ ಮಾಯುತ್ತಲೇ ಗವಿಸಿದ್ದಪ್ಪ ಬ್ಯಾಟರಿ ಗನ್ನು ತಂದ. ಕೀಲಿನ ಬಾಯಿಗೆ ಕಚ್ಚಿಸಿ ಗುಂಡಿ ಒತ್ತಿದರೆ ಗುರ್ ಎಂದು ತಾನೇ ಗ್ರೀಸು ತಳ್ಳುತ್ತದೆ. "ಒಂದ ಕೈ ಸಾಕು," ಎಂದು ಹೆಂಡತಿಯ ಕೈಗಿಟ್ಟ. ಪಕ್ಕದ ಮನೆಯ ಜಂಬಕ್ಕ ನೋಡಲು ಬಂದಳು. "ಪುಣ್ಯ ಮಾಡೀದಿ ಬಿಡು," ಎಂದಳು. "ನಮ್ಮಾತ ಒಂದು ಮಿಕ್ಸಿನೂ ತಂದುಕೊಟ್ಟಿಲ್ಲ."

ಕೆಲವು ದಿನ ವಿರುಪಮ್ಮ ಸರಿಯಾಗಿಯೇ ಹೊಡೆದಳು. ಈ ಗನ್ನು ಅಂಗೈಗೆ ಏನನ್ನೂ ಹೇಳುತ್ತಿರಲಿಲ್ಲ, ಬರೀ ಸದ್ದು ಮಾಡುತ್ತಿತ್ತು. ಒಳಗೆ ಚಹಾ ಕುಡಿಯುತ್ತಿದ್ದವರಿಗೂ ಆ ಸದ್ದೇ ಸಾಕಾಗಿತ್ತು. ಗುರ್ ಎಂದರೆ ಸೊಸೆ ಕೆಲಸದಲ್ಲಿದ್ದಾಳೆ. ಒಂದು ಬೆಳಿಗ್ಗೆ ಅವಳು ಬೂಮಿನ ಬುಡದ ಕೀಲಿನ ಹತ್ತಿರ ಕೂತು, ಗನ್ನಿನ ಬಾಯನ್ನು ಹಳೇ ಸೀರೆಯ ಚೂರಿಗೆ ಇಟ್ಟು ಗುಂಡಿ ಒತ್ತಿದಳು. ಕೀಲಿನ ಹೊರಗಷ್ಟೇ ಕಾಣುವಂತೆ ಒಂದಿಷ್ಟು ಸವರಿದಳು. ಗ್ರೀಸು ಕುಡಿದ ಬಟ್ಟೆಯನ್ನು ಬಚ್ಚಲೊಲೆಗೆ ಹಾಕಿದಳು. ಚೆನ್ನಾಗಿ ಉರಿಯಿತು. ಅಂದಿನಿಂದ ಹೊಳೆಮ್ಮನಿಗೆ ಸ್ನಾನದ ನೀರು ಬೇಗ ಕಾಯುತ್ತಿತ್ತು.

ಉಗಾದಿಯ ಬೆಳಿಗ್ಗೆ ಯಾರದೋ ಪಾಯ ತೋಡಿ ಬಂದ ಗವಿಸಿದ್ದಪ್ಪ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

"ಬೂಮಿನ ಬುಡದಾಗ ಕಿರ್ ಅನ್ನಾಕತ್ತೈತಿ. ಏನಾಗೈತಿ, ಹೋಗಿ ನೋಡಲೇ."

ವಿರುಪಮ್ಮ ಉಳಿದ ಮೂರು ಬೆರಳಲ್ಲಿ ಹೋಳಿಗೆಯನ್ನು ಒತ್ತಿ ಹಿಡಿದು, ಬಲಗೈಯಲ್ಲಿ ತಟ್ಟುತ್ತಿದ್ದಳು. ತಲೆ ಎತ್ತಲಿಲ್ಲ.

"ಹಬ್ಬ ಮುಗೀಲಿ ತಡೀರಿ," ಎಂದಳು.