ಎಂಟು ಪಿನ್ನಿನ ತಂತಿ

ಅಣ್ಣ ಗಜೇಂದ್ರಗಡದಲ್ಲಿ ಮದುವೆಗಳ ವಿಡಿಯೋ ತೆಗೆಯುತ್ತಿದ್ದ. ಅದನ್ನು ಕತ್ತರಿಸಿ ಜೋಡಿಸುವ ಕೆಲಸ ನನ್ನದು. ಹಳೆಯ ಕಂಪ್ಯೂಟರ್ ಮೇಲಿಂದ ಮೇಲೆ ನಿಂತುಬಿಡುತ್ತಿತ್ತು. ಹಾಗಾಗಿ ಹುಬ್ಬಳ್ಳಿಯಿಂದ ದೊಡ್ಡ ಮದರ್‌ಬೋರ್ಡ್, ಹೊಸ ಪ್ರೊಸೆಸರ್, ಎಲ್ಲಕ್ಕೂ ಕರೆಂಟ್ ಹಂಚುವ ಪವರ್ ಸಪ್ಲೈ ಎಲ್ಲ ಬಿಡಿಬಿಡಿಯಾಗಿ ತಂದ. ತಾನೇ ಜೋಡಿಸುವ ಹುಮ್ಮಸ್ಸು ಅವನಿಗೆ.

ಅವ್ವನಿಗೆ ಇದು ಬೇಕಿರಲಿಲ್ಲ. ನಾವು ಚಿಕ್ಕವರಿದ್ದಾಗ ಅಪ್ಪ ಸೂಡಿ ಊರಿನ ಹಾದಿಯ ಹೊಲದಲ್ಲಿ ಪಂಪ್‌ಸೆಟ್ಟಿನ ಡಬ್ಬಿ ತೆರೆಯಲು ಹೋಗಿ, ಕರೆಂಟ್ ಹೊಡೆದು ತೀರಿಕೊಂಡಿದ್ದರು. ಅಂದಿನಿಂದ ಅವ್ವ ಒಂದು ಸ್ವಿಚ್ಚನ್ನೂ ಮುಟ್ಟಿರಲಿಲ್ಲ. ನಾವು ಬರುವುದು ತಡವಾದರೆ ಕತ್ತಲಲ್ಲೇ ಕೂತಿರುತ್ತಿದ್ದಳು.

ಮಧ್ಯಾಹ್ನ ಎಲ್ಲ ಜೋಡಿಸಿ ಅಣ್ಣ ಬಟನ್ ಒತ್ತಿದ. ಫ್ಯಾನುಗಳು ತಿರುಗಿದವು, ಪರದೆ ಮಾತ್ರ ಕಪ್ಪಗೇ ಇತ್ತು. ಆರಿಸಿ, ಟಾರ್ಚ್ ಹಿಡಿದು ನೋಡಿದೆವು. ಪ್ರೊಸೆಸರಿನ ಪಕ್ಕ, ಬೋರ್ಡಿನ ಮೂಲೆಯಲ್ಲಿ, ಒಂದು ಸಾಕೆಟ್ ಖಾಲಿ ಇತ್ತು. ಪ್ರೊಸೆಸರಿಗೆ ಬೇರೆಯಾಗಿಯೇ ಕರೆಂಟ್ ಕೊಡುವ ಜಾಗ ಅದು. ಹಳೆಯ ಬೋರ್ಡಿನಲ್ಲಿ ಅಲ್ಲಿ ನಾಲ್ಕು ಪಿನ್ ಇದ್ದವು, ಇದರಲ್ಲಿ ಎಂಟು.

ಅಣ್ಣ ಪವರ್ ಸಪ್ಲೈನ ತಂತಿಗಳ ಗೊಂಚಲಿನಿಂದ ಒಂದನ್ನು ಎಳೆದ. "ಎಂಟು ತೂತು, ಎಂಟು ಪಿನ್. ಇದ ಐತಿ ನೋಡು."

"ಸರಿಯಾಗಿ ಕೂಡವಲ್ದಲ್ಲೋ ಅಣ್ಣಾ."

"ಹೊಸಾದೈತಿ, ಬಿಗಿ ಇರ್ತೈತಿ." ಹೆಬ್ಬೆರಳಿನಿಂದ ಬಲವಾಗಿ ಒತ್ತಿದ. ಕುಳಿತಿತು. ಮತ್ತೆ ಬಟನ್ ಒತ್ತಿದ.

ಟಪ್ ಎಂದು ಸದ್ದಾಯಿತು. ಪವರ್ ಸಪ್ಲೈ ಹಿಂದಿನಿಂದ ಬೆಳ್ಳಗೆ ಹೊಗೆ ಬಂತು, ಸುಟ್ಟ ವಾಸನೆ ಮೂಗಿಗೆ ಹೊಡೆಯಿತು. ಅಣ್ಣ ನನ್ನನ್ನು ಎಷ್ಟು ಜೋರಾಗಿ ಹಿಂದಕ್ಕೆ ತಳ್ಳಿದನೆಂದರೆ ನಾನು ಗೋಡೆಗೆ ಹೋಗಿ ಬಡಿದೆ. ಪ್ಲಗ್ ಕಡೆ ಕೈ ಚಾಚಿದವನು ಅಲ್ಲೇ ಮರಗಟ್ಟಿ ನಿಂತ.

ಅಷ್ಟರಲ್ಲಿ ಇಡೀ ಮನೆಯ ಕರೆಂಟ್ ಹೋಯಿತು. ಹೊರಗೆ ಬಂದು ನೋಡಿದರೆ ಪಡಸಾಲೆಯಲ್ಲಿ ಅವ್ವ. ಮೇನ್ ಸ್ವಿಚ್ಚಿನ ಹಿಡಿಕೆಯನ್ನು ಎರಡೂ ಕೈಯಿಂದ ಕೆಳಕ್ಕೆ ಎಳೆದು, ಹಾಗೇ ಜೋತುಬಿದ್ದಿದ್ದಳು. ಹಿಟ್ಟು ನಾದುತ್ತಿದ್ದ ಕೈ, ಹಿಡಿಕೆಯ ತುಂಬ ಜೋಳದ ಹಿಟ್ಟು.

"ಇಬ್ರೂ ಅದೀರಿಲ್ಲೋ?"

"ಅದೀವಿ ಬೇ ಯವ್ವಾ," ಎಂದ ಅಣ್ಣ. ಹೊಗೆಗಿಂತ ಅವಳನ್ನು ಆ ಸ್ವಿಚ್ಚಿನ ಮುಂದೆ ಕಂಡು ನಾನು ಹೆಚ್ಚು ಹೆದರಿದೆ. ಬೆರಳು ಒಂದೊಂದಾಗಿ ಬಿಡಿಸಿ ಅವಳನ್ನು ಕೂರಿಸಬೇಕಾಯಿತು.

ಎಷ್ಟೋ ಹೊತ್ತಿನ ಮೇಲೆ ತಂತಿಯನ್ನು ಬಿಚ್ಚಿ ನೋಡಿದೆ. ಅದು ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡಿಗೆ ಕರೆಂಟ್ ಕೊಡುವ ತಂತಿ. ತುದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಬರೆದೇ ಇತ್ತು. ಪ್ರೊಸೆಸರಿನ ತಂತಿ ನಾಲ್ಕು ನಾಲ್ಕು ಪಿನ್ನಿನ ಎರಡು ತುಂಡಾಗಿ ಗೊಂಚಲಿನಲ್ಲಿ ಸಿಕ್ಕಿಕೊಂಡಿತ್ತು. ಎರಡನ್ನೂ ಪಕ್ಕಪಕ್ಕ ಹಿಡಿದರೆ ಎಂಟಾಗುತ್ತಿತ್ತು. ಗ್ರಾಫಿಕ್ಸ್ ಕಾರ್ಡಿನ ತಂತಿಗೂ ಇದಕ್ಕೂ ಪಿನ್ನಿನ ಆಕಾರವೇ ಬೇರೆ, ಕರೆಂಟ್ ಹರಿಯುವ ಬದಿಯೂ ಉಲ್ಟಾ.

ಅಣ್ಣ ಎಲ್ಲವನ್ನೂ ಹುಬ್ಬಳ್ಳಿಗೆ ಒಯ್ದ. ಬೋರ್ಡ್ ಸುಟ್ಟೇ ಹೋಗಿದೆಯೆಂದು ಇಬ್ಬರೂ ನಂಬಿದ್ದೆವು. ಅಂಗಡಿಯಲ್ಲಿ ಪರೀಕ್ಷಿಸಿದರೆ ಸತ್ತಿದ್ದು ಪವರ್ ಸಪ್ಲೈ ಮಾತ್ರ. ಹೊಸದನ್ನು ತಂದ. ಈ ಸಲ ಸರಿಯಾದ ತಂತಿ ಒತ್ತಡವಿಲ್ಲದೆ ಕುಳಿತು, ಕೊಂಡಿ ಕಟಕ್ ಎಂದು ಹಿಡಿಯಿತು.

"ನೀ ಒತ್ತು," ಎಂದ ಅಣ್ಣ.

"ನನ್ ಕಡಿಂದ ಆಗೂದಿಲ್ಲ."

ಕೊನೆಗೆ ಅವನೇ ಮುಖ ಆಚೆ ತಿರುಗಿಸಿಕೊಂಡು ಒತ್ತಿದ. ಪರದೆಯ ಮೇಲೆ ಅಕ್ಷರಗಳು ಮೂಡಿದವು. ಆ ಸಂಜೆ ಇಬ್ಬರಲ್ಲಿ ಯಾರೂ ಅದರ ಮುಂದಿನ ಕುರ್ಚಿಯಲ್ಲಿ ಕೂರಲಿಲ್ಲ.