ಹೊಳೆಯ ಕಡೆಯ ಕೊಂಬೆ

ಮೊದಲ ಸಲ ಇದನ್ನು ಬರೆದಾಗ, ಮರ ಹತ್ತಿದ್ದು ಕೂಲಿಗೆ ಕರೆದ ಆಳು ಎಂದು ಬರೆದಿದ್ದೆ. ಆ ಸಾಲು ಹೊಡೆದುಹಾಕಿದ್ದೇನೆ. ಹತ್ತಿದ್ದು ನಾನೇ. ಕತ್ತಿ ಇದ್ದದ್ದೂ ನನ್ನ ಕೈಯಲ್ಲೇ.

ವಂಡ್ಸೆ ಕಡೆಯ ದೊಡ್ಡಮ್ಮನ ಮನೆಯಿಂದ ಘಟ್ಟದ ಬುಡಕ್ಕೆ ಹೋಗಿ, ರಸ್ತೆ ಮುಗಿದ ಮೇಲೆ ಎರಡು ಗಂಟೆ ನಡೆದರೆ ರಾಷ್ಟ್ರೀಯ ಉದ್ಯಾನದ ಕಾಡು. ಅದನ್ನು ವರ್ಣಿಸಲು ಕೂತರೆ ನನ್ನ ನೆನಪು ಸುಳ್ಳು ಹೇಳತೊಡಗುತ್ತದೆ. ಸಿಂಗಳೀಕದ ಹಿಂಡು, ಮಂಗಟ್ಟೆ ಹಕ್ಕಿಯ ರೆಕ್ಕೆಯ ಸದ್ದು, ಕೆಂದಳಿಲು, ಎಲ್ಲವನ್ನೂ ಒಂದೇ ಬೆಳಿಗ್ಗೆಗೆ ತಂದು ನಿಲ್ಲಿಸುತ್ತದೆ. ಹಾಗಿರಲಿಲ್ಲ. ಹೆಚ್ಚಿನ ದಿನ ಕಣ್ಣಿಗೆ ಬಿದ್ದದ್ದು ಜಿಗಣೆ ಮಾತ್ರ. ಉಳಿದ ಜೀವಗಳು ಗೊತ್ತಾಗುತ್ತಿದ್ದದ್ದು ಅವುಗಳ ಎಂಜಲಿನಿಂದ: ಅರ್ಧ ಕಚ್ಚಿ ಬಿಸಾಡಿದ ಕಾಡುಹಲಸು, ಒಡೆದ ರಾಂಪತ್ರೆ ಕಾಯಿ, ಧೂಪದ ಮರದ ಬುಡದಲ್ಲಿ ಮಂಗಟ್ಟೆ ಉಗುಳಿದ ಬೀಜ.

ಹೊಳೆದಂಡೆಯ ಅಪ್ಪೆಮಾವಿನ ಮರಕ್ಕೆ ವರ್ಷಕ್ಕೊಮ್ಮೆ ಉಪ್ಪಿನಕಾಯಿಯ ಮಿಡಿಗೆ ಹೋಗುತ್ತಿದ್ದೆವು. ಉದ್ಯಾನದ ಒಳಗೆ ಏನನ್ನೂ ಕೀಳಬಾರದು ಎಂದು ಗೊತ್ತಿತ್ತು. ಹಿಂದಿನಿಂದ ನಡೆದು ಬಂದದ್ದಲ್ಲವೇ ಎಂದುಕೊಳ್ಳುತ್ತಿದ್ದೆವು. ತೊಟ್ಟು ಮುರಿದರೆ ಒಸರುವ ಸೊನೆಗೆ ಜೀರಿಗೆಯ ಪರಿಮಳ. ನೆಲಕ್ಕೆ ಬಿದ್ದ ಮಿಡಿ ಪೆಟ್ಟಾಗಿ ಉಪ್ಪಿನಲ್ಲಿ ಕೊಳೆಯುತ್ತದೆ. ಅದಕ್ಕೇ ಮಿಡಿಯಿದ್ದ ಕೊಂಬೆಯನ್ನೇ ಕಡಿದು, ಹಗ್ಗಕ್ಕೆ ಕಟ್ಟಿ ಇಳಿಸುವುದು ನಮ್ಮ ಕ್ರಮ. ಆದರೆ ಹೊಳೆಯ ಮೇಲೆ ಚಾಚಿದ ಒಂದು ಕೊಂಬೆಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಅದರ ಕಾಯಿ ಹಣ್ಣಾಗಬೇಕು, ಸಿಂಗಳೀಕ ತಿನ್ನಬೇಕು, ಉಳಿದದ್ದು ನೀರಿಗೆ ಬಿದ್ದು ಎಲ್ಲಾದರೂ ಹುಟ್ಟಬೇಕು.

ಆ ವರ್ಷ ಫಲ ಕಡಿಮೆ. ದೊಡ್ಡಮ್ಮ ಕೆಳಗಿನಿಂದ ಕೂಗಿದರು.

"ಹ್ವಾಯ್, ಮೇಲ್ ಹೋಯಿ ನಿದ್ದಿ ಮಾಡ್ತ್ಯಾ ಎಂತ? ಇದ್ ಅರ್ಧ ಭರಣಿಗೂ ಸಾಕಾತಿಲ್ಲೆ."

"ಹೊಳಿ ಬದಿಯದ್ದ್ ಇಳ್ಸಲಾ?"

"ಅದ್ ಮುಟ್ಟುಕಾಗ ಮಗಾ. ಅವಕ್ಕೂ ಹೊಟ್ಟಿ ಇತ್ತಲ್ದಾ?"

"ಒಂದ್ ವರ್ಷ ಅಲ್ದಾ ದೊಡ್ಡಮ್ಮ. ಮಂಗ ಎಂತ ಉಪ್ಪಿನ್‌ಕಾಯಿ ಹಾಕತ್ತಾ?"

"ನಿನ್ ಬಾಯಿಗೆ ಆ ಮಂಗನೇ ಸೈ," ಎಂದು ನಕ್ಕರು.

ನಕ್ಕದ್ದನ್ನು ಒಪ್ಪಿಗೆ ಎಂದುಕೊಂಡೆ. ಅದು ಒಪ್ಪಿಗೆಯಲ್ಲ. ಅವರು ನಗಲೇ ಇಲ್ಲವೇನೋ; ನನಗೆ ಬೇಕಾಗಿ ಆ ನಗುವನ್ನು ಆಮೇಲೆ ಸೇರಿಸಿಕೊಂಡೆನೇನೋ. ಕೊಂಬೆ ಇಳಿದದ್ದಂತೂ ನಿಜ.

ಮುಂದಿನ ಮಳೆಗಾಲದಲ್ಲಿ ದಂಡೆ ಕುಸಿದು ಮರ ಹೋಯಿತು. ನಾನು ಕಡಿದದ್ದರಿಂದ ಬಿತ್ತು ಎಂದರೆ ಕಥೆ ಚೆನ್ನಾಗಿ ಕೂರುತ್ತದೆ, ಆದರೆ ಹಾಗೆ ಹೇಳಲಾರೆ. ಬೀಳುವ ಮರ ಬಿತ್ತು. ಅದರ ಕೊನೆಯ ಫಲವನ್ನು ಒಂದೂ ಬಿಡದೆ ನಾನು ಉಪ್ಪಿಗೆ ಹಾಕಿದ್ದೆ. ಇಷ್ಟು ಮಾತ್ರ ಹೇಳಬಲ್ಲೆ.

ಈ ವರ್ಷ ಬ್ರಹ್ಮಾವರದಲ್ಲಿ ಕಸಿ ಕಟ್ಟುವವರೊಬ್ಬರು ನನ್ನಿಂದ ಇದನ್ನು ಕೇಳಿ, ಆ ಮರದ ಸಂತಾನ ಎಲ್ಲಾದರೂ ಇದ್ದರೆ ಒಂದು ಚಿಗುರುಕಡ್ಡಿ ತನ್ನಿ, ತಳಿ ಉಳಿಸೋಣ ಎಂದರು. ಅನುಮತಿ ಪಡೆದು, ಕಾಡಿನ ವಾಚರ್ ಒಬ್ಬನ ಜೊತೆ ಹೊಳೆಗುಂಟ ಹುಡುಕಿದೆ. ಅವನು ನಡೆಯುತ್ತಲೇ ಮರಗಳ ಗುರುತು ಹೇಳುತ್ತಿದ್ದ: ಹೈಗ, ಸುರಹೊನ್ನೆ, ಉಪ್ಪಾಗೆ, ನಾನು ಕೇಳಿಯೇ ಇರದ ಬಳ್ಳಿಗಳು.

"ಇಷ್ಟೆಲ್ಲ ಇತ್ತಲೆ ಮಾರಾಯ್ರೆ, ನಿಮ್ಗೆ ಆ ಒಂದ್ ಮಾಯಿನ್ ಮರವೇ ಆಯ್ಕಾ?"

ಹೌದು, ಅದೇ ಆಗಬೇಕಿತ್ತು. ಉಳಿದ ಮರಗಳ ಫಲವನ್ನು ನಾನು ಮುಗಿಸಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬಂಡೆಯೊಂದರ ಸಂದಿಯಲ್ಲಿ ಮೊಣಕಾಲೆತ್ತರದ ಮಾವಿನ ಗಿಡ ಕಂಡಿತು. ಎಲೆ ಹಿಸುಕಿ ಮೂಸಿದೆ. ಅವನೂ ಮೂಸಿದ.

"ಜೀರಿಗಿ ಪರಿಮಳ ಬತ್ತ್. ನಿಮ್ಗೆ ಬತ್ತಿಲ್ಯಾ?"

"ಗೊತ್ತಾತಿಲ್ಲೆ."

ನಿಜಕ್ಕೂ ಗೊತ್ತಾಗಲಿಲ್ಲ. 'ಜೀರಿಗೆ' ಎಂಬ ಮಾತನ್ನು ಎಷ್ಟು ಸಲ ಹೇಳಿಕೊಂಡಿದ್ದೆನೆಂದರೆ ಪರಿಮಳ ಹೋಗಿ ಮಾತು ಮಾತ್ರ ಉಳಿದಿತ್ತು. ಗಿಡಕ್ಕೆ ಇದ್ದದ್ದು ಒಂದೇ ಚಿಗುರು. ವಾಚರ್ ಚೂರಿ ತೆಗೆದು, "ಕೊಯ್ಲಾ?" ಎಂದ.

ಬೇಡ ಎಂದೆ. ದೊಡ್ಡ ಮನಸ್ಸಿನಿಂದಲ್ಲ, ಅದು ಅದೇ ಮರದ್ದು ಎಂದು ಹೇಳುವ ಧೈರ್ಯವಿರಲಿಲ್ಲ. ಅಷ್ಟು ವರ್ಷ ಅದರ ಮಿಡಿ ತಿಂದೆವು, ಅದರ ಹಣ್ಣು ಹೇಗಿರುತ್ತದೆಂದು ಮನೆಯಲ್ಲಿ ಒಬ್ಬರೂ ನೋಡಿದವರಲ್ಲ.

ಅವನು ತನ್ನ ಪುಸ್ತಕದಲ್ಲಿ 'ಅಪ್ಪೆಮಾವು' ಎಂದು ಬರೆಯಹೊರಟ. ನಾನು ಬರೀ 'ಮಾವು' ಎಂದು ಬರೆಸಿದೆ.