ಹಾಲುಕ್ಕಿಸಿದ ಮೂರು ಇಟ್ಟಿಗೆ

ನೆವಾರ್ಕಿನ ಅಪಾರ್ಟ್‌ಮೆಂಟು ಬಿಟ್ಟು ಬೆಟ್ಟದ ಬುಡದಲ್ಲಿ ಸ್ವಂತ ಮನೆ ಕೊಂಡಾಗ, ಗೃಹಪ್ರವೇಶ ಎಂದರೆ ಹೇಗಿರಬೇಕೆಂದು ಇಲ್ಲಿನ ಕನ್ನಡದವರಿಗೆಲ್ಲ ತೋರಿಸಿಯೇ ಬಿಡುತ್ತೇನೆ ಎಂಬ ಹಮ್ಮು ನನಗಿತ್ತು. ಇಂಡಕ್ಷನ್ ಒಲೆಯ ಮೇಲೆ ಹಾಲುಕ್ಕಿಸಿ, ಫೋಟೋ ತೆಗೆದು, ಕೇಟರಿಂಗಿನ ಬಿಸಿಬೇಳೆಬಾತು ಬಡಿಸಿ ಕೈತೊಳೆದುಕೊಳ್ಳುವವರನ್ನು ಕಂಡರೆ ನನಗಾಗುತ್ತಿರಲಿಲ್ಲ. ಹಾಲು ಉಕ್ಕಬೇಕಾದ್ದು ಇಟ್ಟಿಗೆ ಒಲೆಯ ಮೇಲೆ, ಸೌದೆಯ ಉರಿಯಲ್ಲಿ. ಸಿಕ್ಕಸಿಕ್ಕವರಿಗೆಲ್ಲ ಹಾಗೆ ಹೇಳಿಕೊಂಡು ಬಂದೆ. ಇಟ್ಟಿಗೆ ತರುವುದನ್ನು ಮಾತ್ರ ಮರೆತೆ.

ಹಿಂದಿನ ಸಂಜೆ ನೆನಪಾಗಿ ಗಂಡನನ್ನು ಹಾರ್ಡ್‌ವೇರ್ ಅಂಗಡಿಗೆ ಓಡಿಸಿದೆ. ಅವರು ತಂದ ಇಟ್ಟಿಗೆಗಳಿಗೆ ನಡುವೆ ತೂತುಗಳಿದ್ದವು.

"ಇವೇನ್ರೀ, ಉದ್ದಿನ್ವಡೆ ಥರ ಇವೆ! ಇದ್ರ ಮೇಲೆ ಹಾಲುಕ್ಸಕ್ಕಾಗುತ್ತಾ?"

"ತೂತು ಕಂಡ್ರೆ ಹಾಲಿಗೇನು ಕೋಪ ಬರುತ್ತಾ?" ಎಂದು ಅವರು ಲ್ಯಾಪ್‌ಟಾಪಿನ ಮುಂದೆ ಕೂತುಬಿಟ್ಟರು. ನಾನು ಸಿಟ್ಟಿನಲ್ಲೇ ವಾಕಿಂಗಿಗೆ ಹೊರಟೆ.

ಮನೆಯ ಹಿಂದಿನ ದಾರಿ ಒಂದು ಹಳೆಯ ಸ್ಮಶಾನವನ್ನು ಬಳಸಿಕೊಂಡು ಹೋಗುತ್ತದೆ. ಈ ಕಡೆಗೆ ಮೊದಮೊದಲು ಬಂದು ನೆಲೆಸಿದ ಬಿಳಿಯರದು. ಈಗ ಅಲ್ಲಿ ಯಾರನ್ನೂ ಹೂಳುವುದಿಲ್ಲ, ಯಾರೂ ನೋಡಿಕೊಳ್ಳುವುದೂ ಇಲ್ಲ. ಕಲ್ಲುಗಳು ವಾಲಿಕೊಂಡಿವೆ, ಹುಲ್ಲು ಮೊಳಕಾಲೆತ್ತರ ಬೆಳೆದಿದೆ. ಸ್ಮಶಾನದಿಂದ ಒಂದು ಕಡ್ಡಿಯನ್ನೂ ಮನೆಗೆ ತರಬಾರದೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ನನ್ನ ಕಣ್ಣಿಗೆ ಬಿದ್ದ ಇಟ್ಟಿಗೆಗಳಿದ್ದದ್ದು ಕಬ್ಬಿಣದ ಬೇಲಿಯ ಹೊರಗೆ, ಇಳಿಜಾರಿನಲ್ಲಿ, ಒಂದು ಓಕ್ ಮರದ ಕೆಳಗೆ. ಸಾಲಾಗಿ ಮೂರು. ಅರ್ಧ ಮಣ್ಣಿನಲ್ಲಿ ಹೂತಿದ್ದವು. ತೂತಿಲ್ಲದ, ಗಟ್ಟಿ ಕೆಂಪು ಇಟ್ಟಿಗೆ. ಬೇಲಿಯ ಒಳಗಿದ್ದರೆ ಸ್ಮಶಾನ, ಹೊರಗಿದ್ದರೆ ಬಯಲು ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ. ಕಾಲಿನಿಂದ ಒದ್ದು ಸಡಿಲ ಮಾಡಿ, ಸ್ವೆಟರಿನಲ್ಲಿ ಸುತ್ತಿಕೊಂಡು ಬಂದೆ.

ತೊಳೆಯುವಾಗ ಒಂದೊಂದರ ಮೇಲೂ ಏನೋ ಗೀರುಗಳು ಕಂಡವು. ಕಾರ್ಖಾನೆಯ ಗುರುತಿರಬೇಕು ಅಂದುಕೊಂಡು ತಂತಿ ಬ್ರಷ್ಷಿನಿಂದ ಗಸಗಸ ಉಜ್ಜಿದೆ. ಅರಿಶಿನ ಕುಂಕುಮ ಹಚ್ಚಿದೆ. ಬೆಳಗ್ಗೆ ಹಾಲು ಸರಿಯಾಗಿ ಪೂರ್ವಕ್ಕೇ ಉಕ್ಕಿತು. ಬಂದವರೆಲ್ಲ ಹೊಗಳಿದರು, ನಾನು ಉಬ್ಬಿಹೋದೆ. ಒಲೆಯಾದ ಇಟ್ಟಿಗೆಗಳನ್ನು ಎಸೆಯಲು ಮನಸ್ಸಾಗದೆ ಹಿತ್ತಲಲ್ಲಿ ತುಳಸಿ ಕುಂಡದ ಕೆಳಗಿಟ್ಟೆ. ಎರಡು ವರ್ಷ ದಿನಾ ನೀರೆರೆದು ಸುತ್ತು ಬಂದೆ.

ಹೋದ ವರ್ಷ ಏಪ್ರಿಲ್‌ನ ಒಂದು ಭಾನುವಾರ ಅದೇ ಇಳಿಜಾರಿನಲ್ಲಿ ಒಬ್ಬ ಚೀನೀ ಅಜ್ಜ ಕೋಲಿನಿಂದ ಹುಲ್ಲು ಸರಿಸುತ್ತಿದ್ದ. ಜೊತೆಗೆ ಮೊಮ್ಮಗಳು. ಅವಳ ಕೈಚೀಲದಲ್ಲಿ ಕಿತ್ತಳೆ, ಬೇಯಿಸಿದ ಕೋಳಿ, ಊದುಕಡ್ಡಿಯ ಕಟ್ಟು. ಮಂಡ್ಯದ ಕಡೆಯವಳು ನಾನು. ಪಕ್ಷದಲ್ಲಿ ಹಿರಿಯರಿಗೆ ಎಡೆ ಇಟ್ಟು ಬೆಳೆದವಳು. ಏನು ನಡೆಯುತ್ತಿದೆಯೆಂದು ನೋಡಿದ ಕೂಡಲೇ ತಿಳಿಯಿತು.

ಮೊಮ್ಮಗಳು ಇಂಗ್ಲಿಷಿನಲ್ಲಿ ವಿವರಿಸಿದಳು. ಅವರಲ್ಲಿ ಹಿರಿಯರ ಗೋರಿಗೆ ಎಡೆ ಇಡುವುದು ಏಪ್ರಿಲ್‌ನಲ್ಲಂತೆ. ಅಜ್ಜನ ಅಜ್ಜ ಇಲ್ಲಿನ ಕಣಿವೆಯಲ್ಲಿ ರೈಲು ಹಳಿ ಹಾಕಲು ಬಂದು ಇಲ್ಲೇ ಸತ್ತವನು. ಚೀನೀಯರನ್ನು ಬೇಲಿಯ ಒಳಗೆ ಬಿಡುತ್ತಿರಲಿಲ್ಲ, ಅದಕ್ಕೆ ಹೊರಗೆ ಹೂಳಿದರು. ಎಷ್ಟೋ ಜನರ ಮೂಳೆಗಳನ್ನು ಅವರ ಕಡೆಯವರು ಆಮೇಲೆ ಅಗೆದು ಊರಿಗೆ ಕಳಿಸಿಕೊಟ್ಟರಂತೆ. ಇವನದು ಇಲ್ಲೇ ಉಳಿಯಿತು. ಜಾಗ ತಪ್ಪದಿರಲಿ ಎಂದು ಅಜ್ಜನ ತಂದೆ ಮೂರು ಇಟ್ಟಿಗೆ ನೆಟ್ಟು, ಒಂದೊಂದರ ಮೇಲೆ ಒಂದೊಂದು ಅಕ್ಷರದಂತೆ ಹೆಸರು ಕೆತ್ತಿದ್ದರು. ಅಜ್ಜ ಬಂದು ಬಹಳ ವರ್ಷವಾಗಿದೆ, ಈಗ ಮರಗಳೆಲ್ಲ ಒಂದೇ ಥರ ಕಾಣುತ್ತಿವೆ. ನೀವು ಇಲ್ಲೇ ಇರುವವರಲ್ಲವೇ, ಮೂರು ಇಟ್ಟಿಗೆ ಎಲ್ಲಾದರೂ ನೋಡಿದ್ದೀರಾ?

ನನಗೆ ಮೊದಲು ಹೊಳೆದದ್ದು ಆ ಅಜ್ಜನ ಸಂಕಟವಲ್ಲ. ಅಯ್ಯೋ, ಹೊಸ ಮನೆಗೆ ಗೋರಿಯ ಇಟ್ಟಿಗೆ ತಂದೆನಲ್ಲ, ಇನ್ನೇನು ಕಾದಿದೆಯೋ ಎಂದು. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ. ಆ ಮರ ಅವರಿದ್ದಲ್ಲಿಂದ ಇಪ್ಪತ್ತು ಹೆಜ್ಜೆ ದೂರವಿತ್ತು. ಕೈ ಎತ್ತಿ ತೋರಿಸಿದರೆ ಸಾಕಿತ್ತು. ತೋರಿಸಿದರೆ, ನಿಮಗೆ ಹೇಗೆ ಗೊತ್ತು ಎಂದು ಕೇಳುತ್ತಾರೆ.

"ನೋ, ಸಾರಿ" ಎಂದೆ.

ಕಂಡರೆ ತಿಳಿಸಿ, ನನ್ನ ನಂಬರು ಕೊಡುತ್ತೇನೆ ಎಂದಳು. ಮೊಬೈಲು ಮನೆಯಲ್ಲೇ ಬಿಟ್ಟು ಬಂದಿದ್ದೇನೆ ಎಂದೆ. ಅದು ನನ್ನ ಜೇಬಿನಲ್ಲಿತ್ತು.

ಕೊನೆಗೆ ಅಜ್ಜ ಬೇರೆ ಯಾವುದೋ ಮರದ ಬುಡದಲ್ಲಿ ಎಡೆ ಇಟ್ಟ. ಪುಟ್ಟ ಬಟ್ಟಲುಗಳಿಂದ ನೆಲಕ್ಕೆ ಟೀ ಸುರಿದ. ಮೊಮ್ಮಗಳ ತೋಳು ಹಿಡಿದು ಮೂರು ಸಲ ಬಾಗಿದ. ನಿಜವಾದ ಜಾಗ ಅವನ ಬೆನ್ನ ಹಿಂದಿತ್ತು. ಹೊರಡುವಾಗ ಅವನು ನನ್ನ ಕೈಗೊಂದು ಕಿತ್ತಳೆ ಕೊಟ್ಟ, ಅದನ್ನೂ ತೆಗೆದುಕೊಂಡೆ.

ಮನೆಗೆ ಬಂದು ಗಂಡನಿಗೆ ಹೇಳಿಕೊಂಡು ಅತ್ತೆ. ಪುರೋಹಿತರಿಗೆ ಫೋನು ಮಾಡಿ ಶುದ್ಧಿ ಮಾಡಿಸೋಣ ಎಂದೆ.

"ಶುದ್ಧಿ ಯಾರಿಗೆ, ಮನೆಗಾ?" ಎಂದರು ಅವರು. "ಹೇಳ್ಬಿಡೋದಲ್ವೇನೆ? ಆ ಅಜ್ಜ ಏನು ನಿನ್ನ ಹೊಡೀತಿದ್ರಾ?" ಎಂದರು.

ಮರುದಿನ ಇಬ್ಬರೂ ಹೋಗಿ ಇಟ್ಟಿಗೆಗಳನ್ನು ಆ ಮರದ ಕೆಳಗೇ ಇಟ್ಟೆವು. ಎರಡರ ಮೇಲೆ ಗೀರು ಅಷ್ಟಿಷ್ಟು ಉಳಿದಿತ್ತು. ಮೂರನೆಯದರ ಮೇಲೆ ಏನೂ ಇರಲಿಲ್ಲ; ನನ್ನ ಬ್ರಷ್ಷು ಅಷ್ಟು ಚೆನ್ನಾಗಿ ಕೆಲಸ ಮಾಡಿತ್ತು. ಯಾವುದು ಮೊದಲು, ಯಾವುದು ಕೊನೆ ಎಂದು ತಿಳಿಯದೆ ಕೈಗೆ ಬಂದಂತೆ ಜೋಡಿಸಿದೆವು.

ಈ ವರ್ಷ ಏಪ್ರಿಲ್ ಬಂದಾಗ ಪ್ರತಿ ಭಾನುವಾರ ಹೋಗಿ ಕಾಯುತ್ತೇನೆ, ಅಜ್ಜ ಬಂದರೆ ಎಲ್ಲ ಹೇಳಿ ಕಾಲಿಗೆ ಬೀಳುತ್ತೇನೆ ಎಂದು ಗಂಡನಿಗೆ ಮಾತು ಕೊಟ್ಟಿದ್ದೆ. ಎರಡನೆಯ ಭಾನುವಾರ ಇಳಿಜಾರಿನ ಕೆಳಗೆ ಕಾರು ನಿಂತಿತ್ತು. ಮೊಮ್ಮಗಳು ಬಾಗಿಲು ತೆಗೆದು ಅಜ್ಜನನ್ನು ಇಳಿಸುತ್ತಿದ್ದಳು. ಅವರು ತಲೆ ಎತ್ತುವ ಮುಂಚೆ ನಾನು ತಿರುಗಿ ಮನೆಗೆ ಬಂದುಬಿಟ್ಟೆ. ಇವತ್ತೂ ಯಾರೂ ಬರಲಿಲ್ಲ ಎಂದು ಗಂಡನಿಗೆ ಹೇಳಿದೆ.